ಒಳ್ಳೆಯ ಅರ್ಧ

ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವವನಿಗೆ ಹೆಂಡತಿ ಹೇಳಿಕೊಟ್ಟ ಉಪಾಯವೇ ಎಲ್ಲದಕ್ಕೂ ಮೂಲ. ಅವನು ದುಡಿಯುವ ಅಂಗಡಿಯ ಎದುರಿನ ದೊಡ್ಡ ಹೊಲಿಗೆ ಅಂಗಡಿಯವರು ನಮ್ಮಲ್ಲಿಗೆ ಬಾ, ನಾಲ್ಕನೇ ದಿನ ಸಂಜೆಯೊಳಗೆ ಉತ್ತರ ಕೊಡು ಎಂದಿದ್ದರು. ಹನ್ನೊಂದು ವರ್ಷದಿಂದ ಕೆಲಸ ಕೊಟ್ಟ ಯಜಮಾನರನ್ನು ಬಿಡುವುದು ಹೇಗೆಂದು ಅವನು ಮೂರು ದಿನದಿಂದ ಅನ್ನ ಕಲಸುತ್ತಲೇ ಕೂತಿರುತ್ತಿದ್ದ.

"ಒಂದು ಕಾಗದದ ಎಡಗಡೆ ನಿಮ್ಮ ಯಜಮಾನರ ಒಳ್ಳೇದು ಬರೀರಿ, ಬಲಗಡೆ ಕೆಟ್ಟದ್ದು. ಯಾವುದು ಉದ್ದ ಆಗುತ್ತೋ ಅದರ ಮಾತು ಕೇಳಿ," ಎಂದಳು ಅವಳು.

ಅಂಗಡಿಯಲ್ಲಿ ಸಿಕ್ಕಿದ್ದು ಅಳತೆ ಕತ್ತರಿಸುವ ಕಂದು ಕಾಗದ. ಎಡಗಡೆ ಬರೆದ: ತಡವಾಗಿ ಬಂದರೆ ಗಡಿಯಾರ ನೋಡುವುದಿಲ್ಲ. ಮಗಳಿಗೆ ಜ್ವರ ಬಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ನನಗಿಂತ ಮೊದಲೇ ಬಂದು ಕೂತಿದ್ದರು. ನನ್ನ ತಪ್ಪನ್ನು ಗಿರಾಕಿಯೆದುರು ತಮ್ಮದೆನ್ನುತ್ತಾರೆ. ಬಲಗಡೆ ಬರೆದ: ನ್ಯಾಯಾಧೀಶರ ಕೋಟು ಹೊಲಿದ ಕತೆ, ದಿನಕ್ಕೊಮ್ಮೆ. ಒಂದು ಭುಜ ತಗ್ಗಿದ್ದ ಆ ನ್ಯಾಯಾಧೀಶರು ಈಗ ಕನಸಿಗೂ ಬಂದು ಅಳತೆ ಕೊಡುತ್ತಾರೆ.

"ಫ್ಯಾನು ಯಾವಾಗ್ಲೂ ಅವರ ಕಡೆಗೇ. ಅದನ್ನೂ ಬರಿಯಪ್ಪ," ಎಂದು ಹೆಗಲ ಮೇಲಿಂದ ಇಣುಕಿದ ಅದೇ ಅಂಗಡಿಯ ಇಸ್ತ್ರಿಯವ. ಅವನ ದೂರುಗಳೇ ಆರು ಸಾಲಾದವು. ಬಲಗಡೆ ಉದ್ದವಾಯಿತು.

ಅಷ್ಟರಲ್ಲಿ ಯಜಮಾನರು ಬಂದರು. ಇವನು ಕಾಗದ ಮಗುಚಿದ. ಅವರು ಅದನ್ನು ಖಾಲಿಯೆಂದುಕೊಂಡು, ತೋಳಿನ ಅಳತೆಗೆಂದು ನಟ್ಟನಡುವೆ ಕತ್ತರಿ ಇಟ್ಟರು. ಅಜ್ಜಿ ಕತೆಯ ರಾಕ್ಷಸನ ಜೀವ ಗಿಳಿಯೊಳಗಿದ್ದಂತೆ ಇವನ ಜೀವ ಆ ಕಾಗದದೊಳಗಿತ್ತು. ಒಂದು ಅರ್ಧ ಇವನ ಕಾಲಬುಡದಲ್ಲಿ ಬಿತ್ತು. ಹೆಕ್ಕಿ ನೋಡಿದರೆ, ಕೆಟ್ಟದ್ದರ ಅರ್ಧ. ಹೋದ ಜೀವ ಬಂತು, ಮಡಿಸಿ ಜೇಬಿಗಿಟ್ಟ.

ಯಜಮಾನರು ತಮ್ಮ ಕೈಯಲ್ಲಿದ್ದ ಅರ್ಧವನ್ನು ತಿರುಗಿಸಿದರು. ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಅದನ್ನು ಹಿಡಿದುಕೊಂಡೇ ಹೊರಗೆ ಹೋದರು.

ಆ ದಿನ ಕೋಟಿನ ಕತೆ ಇರಲಿಲ್ಲ. ಅಂಗಡಿ ಬಿಕೋ ಎನ್ನುತ್ತಿತ್ತು. ತಗ್ಗಿದ್ದ ಭುಜ ಎಡವೋ ಬಲವೋ ಎಂದು ಇವನೇ ಯೋಚಿಸುತ್ತ ಕೂತ. ಕೈಯಲ್ಲಿದ್ದ ಕಾಜಾ ಸೊಟ್ಟಗಾಯಿತು. ಆ ತಪ್ಪು ನನ್ನದೆನ್ನಲು ಪಕ್ಕದಲ್ಲಿ ಯಜಮಾನರಿರಲಿಲ್ಲ. ಆದರೂ ಉದ್ದವಾದದ್ದರ ಮಾತು ಕೇಳುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಾಗಿತ್ತು. ಸಂಜೆ ಎದುರಂಗಡಿಗೆ ಹೋಗಿ, ಬರುತ್ತೇನೆ ಎಂದ.

"ಒಳ್ಳೇದಾಯ್ತು," ಎಂದರು ಅಲ್ಲಿಯ ಧಣಿ. "ನಿಮ್ಮ ಯಜಮಾನರು ಸ್ವಂತ ಅಂಗಡಿ ಸಾಕಾಯ್ತು ಅಂತ ಒಂದು ತಿಂಗಳಿಂದ ನನ್ನ ಹತ್ರ ಕೆಲಸ ಕೇಳ್ತಿದ್ರು. ಕೈಕೆಳಗಿನವರನ್ನ ಹೇಗೆ ನೋಡ್ಕೋತಾರೋ ಅಂತ ನನಗೆ ಅನುಮಾನ. ಇವತ್ತು ನೀನು ಬರೆದದ್ದು ತಂದು ತೋರಿಸಿದ್ರು ನೋಡು, ಉಸ್ತುವಾರಿ ಪೂರ್ತಿ ಅವರಿಗೇ ಕೊಟ್ಟೆ. ನಿನ್ನ ಸ್ಟೂಲು ಅವರ ಪಕ್ಕದಲ್ಲೇ. ಆದ್ರೆ ಇಲ್ಲಿ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಬಾಗಿಲು ಹಾಕ್ತೀವಿ, ತಡವಾಗಿ ಬಂದ್ರೆ ಒಳಗೆ ಬಿಡಲ್ಲ. ಅದು ನನ್ನ ಕಾನೂನು, ಅವರದ್ದಲ್ಲ."

ಒಳಗಿನಿಂದ ಯಜಮಾನರು ಅಕ್ಕರೆಯಿಂದ ಕರೆದರು. "ಬಾ, ಕೂತ್ಕೋ. ಇವರಿಗೆಲ್ಲ ನ್ಯಾಯಾಧೀಶರ ಕೋಟಿನ ವಿಷಯ ಹೇಳ್ತಿದ್ದೆ. ನಿನಗೋಸ್ಕರ ಮೊದಲಿಂದ ಶುರು ಮಾಡ್ತೀನಿ."

ಕಾಜಾದವನು ಜೇಬು ಮುಟ್ಟಿ ನೋಡಿಕೊಂಡ. ಒಳ್ಳೆಯ ಅರ್ಧ ಖರ್ಚಾಗಿ ಹೋಗಿತ್ತು. ಉಳಿದರ್ಧ ಬೆಚ್ಚಗೆ ಅಲ್ಲೇ ಇತ್ತು.