ಬಚ್ಚಲ ನೀರಿಗೆ ಬಂದ ಭಾಗ್ಯ

ಬಚ್ಚಲ ನೀರನ್ನು ತಿಳಿ ಮಾಡುವ ವಿದ್ಯೆ ವಿಲಾಯತಿಯವರಿಗಷ್ಟೇ ಮೀಸಲಲ್ಲ, ತುಕ್ಕಾನಟ್ಟಿಯಲ್ಲೂ ಅದಕ್ಕೊಬ್ಬ ಭಗೀರಥನಿದ್ದಾನೆ ಎಂದು ಜಗತ್ತಿಗೆ ತೋರಿಸಲು ನಾನು ಆ ಬೇಸಿಗೆ ನಿಶ್ಚಯಿಸಿದೆ! ಘಟಪ್ರಭಾ ಸ್ಟೇಷನ್ನಿನಲ್ಲಿ ಚುರುಮುರಿ ಕಟ್ಟಿಕೊಟ್ಟ ಪತ್ರಿಕೆಯ ತುಣುಕಿನಲ್ಲಿದ್ದ ಲೇಖನವೇ ನನ್ನ ಗುರು. ಜಗತ್ತಿಗಿಂತ ಮೊದಲು ಹೆಂಡತಿಗೆ ತೋರಿಸುವ ಅವಸರವಿತ್ತು. ಊರ ಹೊರಗಿನ ಬಾವಿಯಿಂದ ಕೊಡ ಹೊತ್ತು ಶಿವಗಂಗವ್ವನ ಸೊಂಟ ಹಿಡಿದಿತ್ತು. ಹೊರುವುದು ಕಡಿಮೆಯಾಗದಿದ್ದರೆ ಅಂಕಲಗಿಯ ತವರಿಗೆ ಹೋಗಿ ಮಳೆಗಾಲಕ್ಕೇ ಬರುತ್ತೇನೆ ಎಂದಿದ್ದಳು. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ.

ಗಡಿಗೆಗಳ ತಳಕ್ಕೆ ತೂತು ಹಾಕಿ, ಹರಳು, ಉಸುಕು, ಇದ್ದಲಿ ತುಂಬಿ ಒಂದರ ಮೇಲೊಂದು ಇಟ್ಟೆ. ಮೇಲಿನಿಂದ ನನ್ನ ಸ್ನಾನದ ನೀರು ಸುರಿದರೆ ಕೆಳಗೆ ತಿಳಿನೀರು ತೊಟ್ಟಿಕ್ಕಿತು! ಹೆಮ್ಮೆಗೆ ಅದನ್ನು ಬೆಳಗಿದ ತಾಮ್ರದ ಕೊಡದಲ್ಲೇ ಹಿಡಿದೆ. ನೋಡಲು ಬಂದವರಿಗೆಲ್ಲ ಕಾಯ್ದೆ ಹೇಳಿದೆ: ಕುಡಿಯಲು, ಅಡುಗೆಗೆ ಬೇಡ, ಗಿಡಕ್ಕೆ, ಅಂಗಳಕ್ಕೆ, ಕಾಲು ತೊಳೆಯಲು ಮಾತ್ರ.

ಸೋಮವಾರ ಮಠದ ಅಯ್ಯನವರು ಬಂದರು. ಅವರ ಪಾದ ತೊಳೆದು, ಆ ನೀರನ್ನೇ ಪಾದೋದಕವೆಂದು ಸೇವಿಸುವುದು ನಮ್ಮ ಪದ್ಧತಿ. ಶಿವಗಂಗವ್ವ ಪಾದ ತೊಳೆದು ನೀರನ್ನು ಬಟ್ಟಲಲ್ಲಿ ಹಿಡಿದು ತಂದಳು. ಮೊದಲ ಗುಟುಕು ಯಜಮಾನನದು. ಕಣ್ಣು ಮುಚ್ಚಿ ಬೊಗಸೆ ತುಂಬ ಕುಡಿದೆ. ತುಸು ಸೀಗೆಕಾಯಿಯ ವಾಸನೆ ಬಂತು. ಅಯ್ಯನವರ ಮಹಿಮೆ ಎಂದುಕೊಂಡು ಇನ್ನೊಂದು ಬೊಗಸೆ ಬೇಡಿ ಕುಡಿದೆ. ಕಣ್ಣು ತೆರೆದರೆ ಶಿವಗಂಗವ್ವನ ಪಕ್ಕದಲ್ಲಿ ನನ್ನ ತಾಮ್ರದ ಕೊಡ ಖಾಲಿ ಕುಳಿತಿತ್ತು.

“ಇದರಾಗಿನ ನೀರೆಲ್ಲಿ?”

“ಅಯ್ಯಾರ ಪಾದಕ್ಕ ಹಾಕೇನ್ರಿ. ಕಾಲು ತೊಳಿಯಾಕ ನಡೀತೈತಿ ಅಂದಿದ್ರಲ್ಲ.”

“ಆಮ್ಯಾಲೆ ಅದನ್ನ ಕುಡೀತೇವಿ ಅನ್ನೂದು ನೆನಪಾಗಲಿಲ್ಲೇನು?”

“ಕಾಯ್ದೆ ಮಾಡಿದವರಿಗೆ ನೆನಪಿರಬೇಕ್ರಿ.”

ನೀನೂ ಕುಡಿದೆಯಾ ಎಂದು ಪಿಸುಗುಟ್ಟಿದೆ.

“ಇನ್ನೂ ಇಲ್ರಿ. ನಿಮಗೇನಾಗತೈತಿ ನೋಡಾಕತ್ತೇನಿ.”

ಬಟ್ಟಲಲ್ಲಿ ಉಳಿದದ್ದನ್ನು ಚೆಲ್ಲಿದರೆ ಪಾಪ, ಕುಡಿದರೆ ವಾಂತಿ. ಮನೆಮಂದಿಯೆಲ್ಲ ಬೊಗಸೆ ಒಡ್ಡಿ ನಿಂತಿದ್ದರು. ನಾಚಿಕೆ ಬಿಟ್ಟು ಅಯ್ಯನವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಉಳಿದದ್ದನ್ನು ಬಿಲ್ವಪತ್ರಿ ಗಿಡದ ಬುಡಕ್ಕೆ ಹಾಕಿಸಿ, ಬಾವಿಯ ನೀರು ತಂದು ಮತ್ತೆ ಪಾದ ತೊಳೆಯಲು ಹೇಳಿದರು. ಶಿವಗಂಗವ್ವ ಸೊಂಟ ಹಿಡಿದುಕೊಂಡೇ ಕೊಡ ಎತ್ತಿದಳು. ಅಯ್ಯನವರು ತಡೆದು ನನ್ನತ್ತ ಬೆರಳು ಮಾಡಿದರು.

“ವೀರಪ್ಪ ತರಲಿ, ತಂಗಿ. ಇನ್ನ ದಿನಾ ಅವನೇ ತರಲಿ.”

ಗುರುವಾಕ್ಯ ಮೀರುವಂತಿಲ್ಲ. ಶಿವಗಂಗವ್ವ ತವರಿಗೆ ಹೋಗಲಿಲ್ಲ. ಹೆಗಲ ಮೇಲೆ ಕೊಡ ಹೊತ್ತು ನಾನು ಮನೆಗೆ ಬರುವಾಗೆಲ್ಲ ಕಟ್ಟೆಯ ಮೇಲೆ ಕೂತು ನೆರೆಯವರಿಗೆ ಹೇಳುತ್ತಿರುತ್ತಾಳೆ.

“ನಮ್ಮನಿಯವರ ಯಂತ್ರ ಭಾಳ ಚಲೋ ಐತವ್ವಾ. ಅವತ್ತಿನಿಂದ ನಾ ಒಂದು ಕೊಡಾನೂ ಹೊತ್ತಿಲ್ಲ.”