ಮಾಮಾ ಮತ್ತು ಜಲಾಂತರ್ಗಾಮಿ

ಎಂಬತ್ತು ದಾಟಿದ ನಮ್ಮ ಸೋದರಮಾವ ಸಮುದ್ರವನ್ನೇ ಕಂಡವನಲ್ಲ. ಆದರೂ ಸಮುದ್ರದೊಳಗಿನ ಒಂದು ವಸ್ತುವಿನ ಮೇಲೆ ಜೀವಮಾನವಿಡೀ ಹಗೆ ಸಾಧಿಸಿದ್ದಾನೆ. ಯಾವುದು ಅಂತೀರಿ? ಜಲಾಂತರ್ಗಾಮಿ!

ಕಾರಣವಿದೆ. ಮಹಾಯುದ್ಧಕ್ಕೆ ಲಾರಿ ಡ್ರೈವರನಾಗಿ ಹೋದ ಅವನಪ್ಪ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನಲ್ಲಿ ಹಡಗು ಹತ್ತಿದ್ದ. ಬಂದರು ಕಣ್ಮರೆಯಾಗುವ ಮೊದಲೇ ಜರ್ಮನರ ಜಲಾಂತರ್ಗಾಮಿ ಆ ಹಡಗನ್ನು ಮುಳುಗಿಸಿತು. ಹೆಣ ಸಿಗಲಿಲ್ಲ. ಮಾಮಾ ಆಗಿನ್ನೂ ತಾಯಿಯ ಹೊಟ್ಟೆಯಲ್ಲಿದ್ದ.

ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ, ಮಗನಾದವನು ಹಿಡಿ ಮಣ್ಣು ಹಾಕಬೇಕು. "ಅಲೆಕ್ಸಾಂಡ್ರಿಯಾಕ್ಕ ಹೋಗಿ ಅಪ್ಪಗ ಮಣ್ಣು ಕೊಟ್ಟ ಬರ್ತೇನಿ" ಎನ್ನುವುದು ಮಾಮಾನ ಹಟ. ಹಳೇ ಬಾಗಲಕೋಟೆಯ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮೊದಲು ಹಿತ್ತಲಿನ ಮಣ್ಣನ್ನು ಅರಿವೆಯಲ್ಲಿ ಗಂಟು ಕಟ್ಟಿಟ್ಟುಕೊಂಡಿದ್ದ.

ಬಾದಾಮಿಯಲ್ಲಿ ಒಮ್ಮೆ ಜರ್ಮನ್ ಪ್ರವಾಸಿಯೊಬ್ಬನನ್ನು ಅಡ್ಡಗಟ್ಟಿದ. "ಇವನ ಮುತ್ಯಾ ಯುದ್ಧದಾಗ ಎಲ್ಲಿದ್ದ, ಕೇಳು" ಎಂದು ಗೈಡಿಗೆ ಹುಕುಂ. ಬೇಕರಿಯಲ್ಲಿ ಬ್ರೆಡ್ ಮಾಡುತ್ತಿದ್ದನಂತೆ. "ಹಂಗಾರ ಕುಂಡ್ರಸು" ಎಂದವನೇ ಅವನಿಗೆ ಮಿರ್ಚಿ ಭಜಿ ತಿನ್ನಿಸಿ, ಕಣ್ಣಲ್ಲಿ ನೀರು ತರಿಸಿ ಕಳಿಸಿದ. ಅಷ್ಟರಮಟ್ಟಿಗೆ ಸೇಡು ತೀರಿತು.

ನನ್ನ ಮಗಳನ್ನು ನೋಡಲು ಇಳಕಲ್ಲಿನ ಹುಡುಗ ಬಂದಾಗ ಮಾತ್ರ ನಾನು ತಲೆ ಮೇಲೆ ಕೈಹೊತ್ತು ಕೂತೆ. ಹುಡುಗನಿಗೆ ನೌಕಾಪಡೆಯಲ್ಲಿ ನೌಕರಿ.

"ನೀರಿನ ಮ್ಯಾಲೋ, ಒಳಗೋ?" ಮಾಮಾ ಕೇಳಿದ.

"ಒಳಗರಿ. ಸಬ್‌ಮರೀನ್‌ದಾಗ."

ಮಾಮಾ ಅವಲಕ್ಕಿ ತಟ್ಟೆ ಅಲ್ಲೇ ಬಿಟ್ಟು ಎದ್ದ. ಸಂಬಂಧವೂ ಎದ್ದುಹೋಯಿತು!

ಕೊನೆಗೂ ಅಲೆಕ್ಸಾಂಡ್ರಿಯಾಕ್ಕೆ ಹೋಗಲು ಮಾಮಾನ ಪಾಸ್‌ಪೋರ್ಟ್ ಬಂತು. ಆದರೆ ಅವನ ಎದೆ ಪರೀಕ್ಷಿಸಿದ ಡಾಕ್ಟರು, ಇನ್ನು ವಿಮಾನ ಹತ್ತುವಂತಿಲ್ಲ ಎಂದುಬಿಟ್ಟರು. ಅಂದಿನಿಂದ ಮಾಮಾ ಯಾರನ್ನೂ ಬಯ್ಯಲಿಲ್ಲ. ಕೆಣಕಿದರಾದರೂ ಎದ್ದಾನೆಂದು ಟಿವಿಯಲ್ಲಿ ಜಲಾಂತರ್ಗಾಮಿಯನ್ನೇ ತೋರಿಸಿದೆ. ತಲೆ ಎತ್ತಲಿಲ್ಲ. ನನಗೆ ಹೆದರಿಕೆಯಾಯಿತು.

ಹೋದ ವಾರ ತಾನಾಗಿಯೇ, ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋಗು ಎಂದ. ಕೈಯಲ್ಲಿ ಆ ಗಂಟಿತ್ತು.

"ಮಾಮಾ, ಇದು ಸಮುದ್ರ ಅಲ್ಲ."

"ಗೊತ್ತೈತಿ. ಅಪ್ಪನೂ ನೀರಾಗ ಹೋದ, ಮನಿನೂ ನೀರಾಗ ಹೋತು. ಅಂವ ಬಂದಿದ್ರ ಮನಿಗೇ ಬಂದಿರ್ತಾನ."

ಮೊಣಕಾಲೂರಿ, ಗಂಟು ಬಿಚ್ಚಿ ನೀರಿಗೆ ಮಣ್ಣು ಬಿಟ್ಟ. ನೀರು ಕೆಂಪಾಗಿ, ಮತ್ತೆ ತಿಳಿಯಾಯಿತು. ಹುಟ್ಟಿದಾಗಿನಿಂದ ಯಾರನ್ನೂ ಅಪ್ಪಾ ಎಂದು ಕರೆದವನಲ್ಲ. ಈಗ ನೀರಿಗೆ ಬಾಗಿ ಮೆಲ್ಲಗೆ ಕೇಳಿದ:

"ಯಪ್ಪಾ, ಮುಟ್ಟಿತೇನು?"

ಉತ್ತರ ಬಂದೀತೆಂದು ಕಾಯುತ್ತ ಅಲ್ಲೇ ಕೂತ. ನಾನೂ ಅವನ ಪಕ್ಕದಲ್ಲಿ ಕೂತೆ.