ಎಲೆಯ ಮೇಲೆ ಬಿದ್ದ ಕಾಯೊಬ್ಬಟ್ಟು

ಸೂರ್ಯಪ್ರಕಾಶನ ಎಲೆಯ ತುದಿಗೆ ಒಂದು ಕಾಯೊಬ್ಬಟ್ಟು ಬಿತ್ತು. ಅವನು ಕೆಂಡ ಬಿದ್ದಂತೆ ಕೈ ಎಳೆದುಕೊಂಡ.

"ಬೇರೆ ಎಲೆ ಹಾಕ್ಸಿ."

"ಯಾಕಣ್ಣಾ, ನೊಣ ಬಿತ್ತಾ?" ಎಂದ, ಬಡಿಸುತ್ತಿದ್ದ ಅರುಣ್ ಕುಮಾರ್.

"ಮೈದಾ ಬಿತ್ತು."

ಅಂದು ಹಾಲ್ಕುರಿಕೆಯಲ್ಲಿ ಪಕ್ಕದ ಮನೆ ಗುರುಶಾಂತಮ್ಮನ ಗೃಹಪ್ರವೇಶ. ಅರುಣ್ ಕುಮಾರ್ ಅವಳ ಅಳಿಯ.

ಹೋದ ವರ್ಷ ಸೂರ್ಯಪ್ರಕಾಶ ಬೆಲ್ಟಿಗೆ ತೂತಿನ ಮೇಲೆ ತೂತು ಕೊರೆಯುತ್ತಾ ಸೊರಗಿ, ಕೊನೆಗೆ ಕೊಬ್ಬರಿ ಮಂಡಿಯಲ್ಲಿ ಕುಸಿದು ಬಿದ್ದಿದ್ದ. ತುಮಕೂರಿನ ಡಾಕ್ಟರು ಸೀಲಿಯಾಕ್ ಎಂದರು. ಗೋಧಿ, ಮೈದಾ, ರವೆ ಒಂದು ಚೂರು ಹೋದರೂ ಕರುಳು ಕೆಡುತ್ತದೆ, ಜೀವನಪೂರ್ತಿ ಬಿಡಬೇಕು, ಆಗಾಗ ಬಂದು ರಕ್ತ ಪರೀಕ್ಷೆ ಮಾಡಿಸಬೇಕು. ಅವನು ಬಿಟ್ಟ. ಮುದ್ದೆ ತಿಂದು ಮೈ ತುಂಬಿಕೊಂಡ. ಈ ಸಲ ಹೋದಾಗ, ಇದು ವಂಶದಲ್ಲಿ ಬರುವಂಥದ್ದೆಂದು ಡಾಕ್ಟರು ಜೊತೆಗಿದ್ದ ತಾಯಿ ಕೊಲ್ಲಾಪುರಮ್ಮನ ರಕ್ತವನ್ನೂ ತೆಗೆಸಿದ್ದರು.

ಗುರುಶಾಂತಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. "ಶುಭಕಾರ್ಯದಾಗೆ ಎಲೆ ತೆಗ್ಸದಾ? ಒಂದು ಚೂರಿಗೆ ಏನೂ ಆಗಕಿಲ್ಲ ಬುಡು."

"ಒಂದು ಚೂರಿಗೇ ಆಯ್ತದೆ ಕಣಕ್ಕ."

ಎದುರು ಪಂಕ್ತಿಯಿಂದ ತಾಯಿಯೇ ದನಿ ಎತ್ತಿದಳು. "ಈ ಕಾಯಿಲೆ ನಮ್ಮ ವಂಶದಾಗೇ ಇಲ್ಲ ಕಣ್ಲಾ! ನನ್ನ ನೋಡು, ಮೂರನೇದು ತಿಂತಾ ಇವ್ನಿ."

ಪಂಕ್ತಿಯವರೆಲ್ಲ ವೈದ್ಯರಾದರು. ಒಬ್ಬರು, ತುಪ್ಪ ಜಾಸ್ತಿ ಹಾಕಿಕೊಂಡರೆ ಮೈದಾ ಕರುಳಿಗೆ ತಾಗದೆ ಜಾರಿಹೋಗುತ್ತದೆ ಎಂದರು. ಇನ್ನೊಬ್ಬರು ಒಳಗಿನ ಹೂರಣ ಬಗೆದುಕೊಡಲು ಕೈ ಚಾಚಿಯೇ ಬಿಟ್ಟರು. ಸೂರ್ಯಪ್ರಕಾಶ ಎದ್ದು ನಿಂತ.

"ಹೊಟ್ಟೆ ನಂದು, ನೋವು ನಂದು. ಬೇರೆ ಎಲೆ ಹಾಕಿದ್ರೆ ಅನ್ನ ಸಾರು ಉಣ್ತೀನಿ, ಇಲ್ದಿದ್ರೆ ಹಸ್ಕೊಂಡೇ ಹೋಯ್ತೀನಿ. ಯಾರು ಬೇಜಾರ್ ಮಾಡ್ಕೊಂಡ್ರೂ ಅಷ್ಟೆ!"

ಹೊಸ ಮನೆಯಿಂದ ಒಬ್ಬ ಹಸಿದು ಹೋದನೆಂಬ ಮಾತು ಗುರುಶಾಂತಮ್ಮನಿಗೆ ಬೇಡವಾಗಿತ್ತು. ಬೇರೆ ಎಲೆ ಬಂತು. ಸೂರ್ಯಪ್ರಕಾಶ ಚುನಾವಣೆ ಗೆದ್ದವನಂತೆ ಕೂತು ಸಾರು ಕಲಸಿದ.

ಅಷ್ಟರಲ್ಲಿ ಅವನಿಗೆ ಡಾಕ್ಟರ ಫೋನು ಬಂತು. ಕೈ ಎಂಜಲಾಗಿದ್ದರಿಂದ ಅರುಣ್ ಕುಮಾರನೇ ಸ್ಪೀಕರ್ ಒತ್ತಿದ. ಇಡೀ ಪಂಕ್ತಿ ಅಗಿಯುವುದನ್ನು ನಿಲ್ಲಿಸಿತು.

"ನಿಮ್ಮ ರಿಪೋರ್ಟ್ ಚೆನ್ನಾಗಿದೆ, ಪಥ್ಯ ಬಿಡಬೇಡಿ. ಆದರೆ ನಿಮ್ಮ ತಾಯಿಗೂ ಅದೇ ಇರೋ ಹಾಗೆ ಕಾಣುತ್ತೆ."

ಕೊಲ್ಲಾಪುರಮ್ಮನ ತುತ್ತು ಬಾಯಲ್ಲೇ ನಿಂತಿತು. ಅವ್ವನಿಗೂ ಬಂತಲ್ಲ ಎಂದು ಸೂರ್ಯಪ್ರಕಾಶನಿಗೆ ಗಾಬರಿಯಾಯಿತು. ಇನ್ನಾದರೂ ಇವರೆಲ್ಲ ನಂಬುತ್ತಾರಲ್ಲ ಎಂಬ ಸಮಾಧಾನವೂ ಅದರ ಹಿಂದೆಯೇ ಬಂತು.

"ಇವತ್ತಿಂದ್ಲೇ ಗೋಧಿ ಬಿಡಿಸ್ತೀನಿ ಸಾರ್!"

"ಬೇಡ ಬೇಡ! ಕರುಳಿಗೆ ಕ್ಯಾಮೆರಾ ಇಳಿಸಿ ಖಚಿತ ಮಾಡ್ಕೋಬೇಕು. ಈಗಲೇ ಬಿಟ್ಟರೆ ಕಾಯಿಲೆ ಸರಿಯಾಗಿ ಕಾಣಲ್ಲ. ಅಲ್ಲಿವರೆಗೂ ಅವರು ದಿನಾ ಗೋಧಿ ತಿನ್ನಲೇಬೇಕು."

ಫೋನು ಇಟ್ಟದ್ದೇ ತಡ, ಕೊಲ್ಲಾಪುರಮ್ಮ ತುತ್ತು ನುಂಗಿದಳು.

"ಕೇಳುದ್ರಾ! ಅದೇ ಕಾಯಿಲೆ, ಅದೇ ಡಾಕ್ಟ್ರು. ದಿನಾ ತಿನ್ನಲೇಬೇಕು ಅಂತವ್ರೆ!"

"ನಿಂಗೆ ಹೇಳಿದ್ದು ಕಣವ್ವಾ, ಅದೂ ಪರೀಕ್ಷೆ ಆಗೋಗಂಟ..."

ಯಾರೂ ಕೇಳಿಸಿಕೊಳ್ಳಲಿಲ್ಲ.

"ಪಾಪ, ತಪ್ಪು ತಿಳ್ಕೊಂಡು ಒಂದು ವರ್ಷದಿಂದ ಬಾಯಿ ಕಟ್ಟವ್ನೆ," ಎಂದು ಗುರುಶಾಂತಮ್ಮ ಕಣ್ಣೊರೆಸಿಕೊಂಡು, ಒಬ್ಬಟ್ಟಿನ ತಟ್ಟೆಯನ್ನು ತಾನೇ ಎತ್ತಿಕೊಂಡು ಬಂದಳು.

ಸೂರ್ಯಪ್ರಕಾಶ ಎರಡೂ ಕೈ ಅಗಲಿಸಿ ಎಲೆ ಮುಚ್ಚಿದ. "ಅದೆಂಗ್ ಹಾಕ್ತೀಯೋ ಹಾಕಕ್ಕ, ನೋಡೇಬುಡ್ತೀನಿ!"

ಗುರುಶಾಂತಮ್ಮ ಅವನ ಒಂದೊಂದು ಕೈಯ ಮೇಲೂ ಒಂದೊಂದು ಒಬ್ಬಟ್ಟು ಇಟ್ಟು, ಮೇಲೆ ತುಪ್ಪ ಸುರಿದಳು.